ಚೇಳಿನಿಂದ ಐದು ಚುಕ್ಕಿಯವರೆಗೆ

ನನ್ನ ಬಲಗೈಯ ಒಳಭಾಗದಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಂದು ಚೇಳಿನ ಹಚ್ಚೆ ಇದೆ. ಅದರ ಕೆಳಗೆ ತುಳಸಿಕಟ್ಟೆ. ಮಣಿಕಟ್ಟಿನ ಹತ್ತಿರ ಸಾಲಾಗಿ ಐದು ಚುಕ್ಕಿ. ಮಾಗಳದ ನಮ್ಮ ತವರಿನಲ್ಲಿ, ನಾನಿನ್ನೂ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ, ಹಚ್ಚೆ ಹಾಕುವಾಕೆ ಬಂದಿದ್ದಾಳೆಂದು ಅಜ್ಜಿ ನನ್ನನ್ನು ಹಿಡಿದು ಕೂರಿಸಿ ಹಾಕಿಸಿದ್ದು. ಚೇಳು ಹಾಕಿಸಿಕೊಂಡರೆ ಚೇಳು ಕಡಿಯುವುದಿಲ್ಲ ಎಂದು ಅಜ್ಜಿ ಹೇಳಿದ್ದಳು. ಅದು ನಿಜವೇ ಇರಬೇಕು, ಇವತ್ತಿನವರೆಗೆ ಕಡಿದಿಲ್ಲ. ಬಂದೂಕಿನ ವಿಚಾರ ಅಜ್ಜಿ ಏನೂ ಹೇಳಿರಲಿಲ್ಲ.

ನನ್ನನ್ನು ಕೊಟ್ಟಿದ್ದು ಕೂಡ್ಲಿಗಿ ಕಡೆಯ ಒಂದು ಊರಿಗೆ. ಮನೆಯ ಹಿಂದೆ ಹೊಲ, ಹೊಲದ ಹಿಂದೆ ಕಲ್ಲುಗುಡ್ಡ. ಗಂಡ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾರೆ. ನಾನು ಕೊಟ್ಟೂರಿನ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದೆ. ಮನೆಯಲ್ಲಿ ಅತ್ತೆ, ಮಾವ. ಅತ್ತೆಯ ಬಾಯಿ ದೊಡ್ಡದು, ಓಣಿಯ ಆ ತುದಿಗೂ ಕೇಳುತ್ತದೆ. ಮಾವ ಮಾತು ಕಡಿಮೆ. ನನ್ನ ಹತ್ತಿರವಂತೂ ಮಾತೇ ಇಲ್ಲ.

ಅದು ಸಿಟ್ಟಿನಿಂದಲ್ಲ. ನಮ್ಮಲ್ಲಿ ಸೊಸೆ ಮಾವನ ಮುಂದೆ ದನಿ ಎತ್ತುವುದಿಲ್ಲ, ಎದುರಿಗೆ ನಿಂತು ಮಾತಾಡುವುದೂ ಇಲ್ಲ. ಹೇಳುವುದಿದ್ದರೆ ಅತ್ತೆಯ ಮೂಲಕ. ಮಾವ ಪಡಸಾಲೆಯಲ್ಲಿ ಕೂತಿದ್ದು ನಾನು ದಾಟಿ ಹೋಗಬೇಕಾದರೆ ಬಾಗಿಲಲ್ಲೇ ನಿಂತು ಬಲಗೈ ಅಲುಗಿಸುತ್ತಿದ್ದೆ. ಗಾಜಿನ ಬಳೆ ಸದ್ದು ಮಾಡುತ್ತಿದ್ದವು. ಮಾವ ಒಮ್ಮೆ ಕೆಮ್ಮಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ನಾನು ಸೆರಗು ಎಳೆದುಕೊಂಡು ಹೋಗಿಬಿಡುತ್ತಿದ್ದೆ. ಮದುವೆಯಾದ ವಾರ ಅತ್ತೆ ಕಲಿಸಿದ ಪಾಠ ಅದು. ಇಪ್ಪತ್ತು ವರ್ಷಕ್ಕೂ ಮೇಲೆ ನಮ್ಮಿಬ್ಬರ ನಡುವೆ ಆ ಬಳೆ, ಆ ಕೆಮ್ಮು ಇಷ್ಟೇ ನಡೆದಿತ್ತು, ಯಾವ ತೊಂದರೆಯೂ ಆಗಿರಲಿಲ್ಲ.

ಆ ವರ್ಷ ಮೆಕ್ಕೆಜೋಳ ಚೆನ್ನಾಗಿ ಬಂದಿತ್ತು. ತೆನೆ ಒಣಗಿ ಮುರಿಯುವ ಹೊತ್ತಿಗೆ ಗುಡ್ಡದಿಂದ ಕಾಡುಹಂದಿ ಇಳಿಯಲು ಶುರು ಮಾಡಿದವು. ಹಂದಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಮಾವ ಹೊಲದಲ್ಲಿ ಅಟ್ಟಣಿಗೆ ಕಟ್ಟಿಕೊಂಡು ರಾತ್ರಿಯೆಲ್ಲಾ ಕಾವಲಿರುತ್ತಿದ್ದರು. ಅವರ ಅಪ್ಪನ ಕಾಲದ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಒಂದಿತ್ತು. ಬೆಳೆ ಕಾಯಲೆಂದು ಪರವಾನಗಿ ಇದ್ದದ್ದು. ಹೆಚ್ಚಾಗಿ ಮುಗಿಲಿಗೇ ಹೊಡೆಯುತ್ತಿದ್ದರು, ಸದ್ದಿಗೆ ಹಂದಿ ಓಡಲಿ ಎಂದು.

ಬೆಳಗಿನ ಚಹಾ ಒಯ್ಯುವುದು ನನ್ನ ಗಂಡನ ಕೆಲಸ. ಅವತ್ತು ಅವರು ಈರುಳ್ಳಿ ಚೀಲ ಹೇರಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು. ಅತ್ತೆಗೆ ಮೊಣಕಾಲು ನೋವು. ಹೀಗಾಗಿ ನಾನೇ ಕ್ಯಾನಿನಲ್ಲಿ ಚಹಾ ಹಿಡಿದು ಹೊರಟೆ. ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ದಾರಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮೆಕ್ಕೆಜೋಳದ ಸಾಲಿನೊಳಗೆ ಅರ್ಧ ಹೋಗಿದ್ದೆ.

"ಯಾರಲೇ ಅದು?" ಎಂದು ಅಟ್ಟಣಿಗೆಯಿಂದ ಮಾವನ ದನಿ ಬಂತು.

ನಾನು ನಿಂತೆ. ಬಲಗೈ ಎತ್ತಿ ಬಳೆ ಅಲುಗಿಸಿದೆ. ಗಾಳಿ ಬೀಸುತ್ತಿತ್ತು, ಒಣಗಿದ ಮೆಕ್ಕೆಜೋಳದ ಗರಿಗಳೂ ಅದೇ ಸದ್ದು ಮಾಡುತ್ತಿದ್ದವು. ಅದು ನನಗೆ ಆಗ ಹೊಳೆಯಲಿಲ್ಲ.

"ಯಾರು? ಮಾತಾಡ್ತಿ ಏನ್ ಇಲ್ಲ?"

ಕೈಯನ್ನು ಇನ್ನೂ ಮೇಲಕ್ಕೆ ಎತ್ತಿ ಜೋರಾಗಿ ಅಲುಗಿಸಿದೆ. ಬಾಯಿ ತೆರೆಯಬೇಕೆಂದು ಅನ್ನಿಸಲೇ ಇಲ್ಲ. ಎಲ್ಲರೂ ಆಮೇಲೆ ಕೇಳಿದ್ದು ಅದನ್ನೇ, ಒಂದು ಮಾತು ಕೂಗಬಾರದಿತ್ತೇ ಎಂದು. ಏನು ಹೇಳಲಿ. ನಡೆಯುವಾಗ ಯಾವ ಕಾಲು ಮುಂದೆ ಇಡಲಿ ಎಂದು ಯಾರು ಯೋಚಿಸುತ್ತಾರೆ? ಮಾವ ಕೇಳಿದರು, ಕೈ ಬಳೆ ಅಲುಗಿಸಿತು.

ಸದ್ದು ಕೇಳಿದ್ದು ನೆನಪಿಲ್ಲ. ಯಾರೋ ತೋಳಿಗೆ ಒನಕೆಯಿಂದ ಹೊಡೆದ ಹಾಗಾಯಿತು, ಅಷ್ಟೇ. ನೋವು ಎನ್ನಲಾರೆ. ಕಾಲ ಮೇಲೆ ಬೆಚ್ಚಗೆ ಏನೋ ಹರಿಯಿತು, ಅದು ಚಹಾ. ಕೂತುಕೊಂಡೆ. ಬಲಗೈಯಲ್ಲಿದ್ದ ಹಸಿರು ಬಳೆಗಳಲ್ಲಿ ಒಂದೂ ಉಳಿದಿರಲಿಲ್ಲ. ಮಾವ ಓಡಿ ಬಂದರು, ನನ್ನನ್ನು ನೋಡಿದರು. ಆಗಲೂ ಅವರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ತೋಳು ಬಿಗಿದು ಕಟ್ಟಿದರು. ಗಂಟು ಬೀಳುತ್ತಿರಲಿಲ್ಲ. ನಾನೇ ಎಡಗೈಯಿಂದ ಒಂದು ತುದಿ ಹಿಡಿದುಕೊಟ್ಟೆ.

ಸುದ್ದಿ ಕೇಳಿ ಅತ್ತೆ ಕೇಳಿದ ಮೊದಲ ಮಾತು, "ಬಳಿ ಒಡದಾವೇನು?" ಎಂದು. ಮುತ್ತೈದೆಯ ಬಳೆ ಒಡೆದದ್ದು ತನ್ನ ಮಗನಿಗೆ ಕೇಡು ಎಂದು ಆಕೆಯ ಹೆದರಿಕೆ. ಆಮೇಲೆ ಎದೆ ಬಡಿದುಕೊಂಡು ಅತ್ತಳಂತೆ, ಅದು ನನಗಾಗಿಯೇ.

ಕೂಡ್ಲಿಗಿಯ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಬಳ್ಳಾರಿಗೆ ಕಳಿಸಿದರು. ಪೊಲೀಸರು ಬಂದು ಕೇಳಿದರು. "ಹಂದಿ ಅನ್ಕಂಡ್ರು" ಎಂದೆ. ಬಂದೂಕು ಠಾಣೆ ಸೇರಿತು, ಮಾವ ಕೋರ್ಟಿಗೆ ಅಲೆದರು. ಅದರಿಂದ ನನಗೆ ಸುಖವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಸೀಸದ ಕಾಳುಗಳಲ್ಲಿ ಕೆಲವನ್ನು ತೆಗೆದರು, ಆಳದಲ್ಲಿದ್ದ ಕೆಲವನ್ನು ಅಲ್ಲೇ ಬಿಟ್ಟರು, ತೆಗೆಯಲು ಹೋದರೆ ಕೆಡುಕೇ ಹೆಚ್ಚು ಎಂದು. ಈಗಲೂ ಚರ್ಮದ ಕೆಳಗೆ ಸವರಿದರೆ ಜೋಳದ ಕಾಳಿನಂತೆ ಸಿಗುತ್ತವೆ. ಚೇಳಿನ ಕೊಂಡಿ ಕಲೆಯಲ್ಲಿ ಮುಚ್ಚಿಹೋಗಿದೆ.

ಗಾಯ ಮಾಯಿತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಂಗೈಯ ಅರ್ಧ, ಇವು ನನ್ನವಾಗಿ ಉಳಿಯಲಿಲ್ಲ. ಮುಟ್ಟಿದರೆ ಬೇರೆಯವರ ಕೈ ಮುಟ್ಟಿದ ಹಾಗೆ. ಹೆಬ್ಬೆರಳು ಉಳಿದ ಬೆರಳಿನ ಕಡೆ ತಿರುಗುತ್ತಿರಲಿಲ್ಲ. ಒಂದು ಗುಂಡಿ ಹಾಕಲು ಬರುತ್ತಿರಲಿಲ್ಲ, ಒಂದು ಚಿಟಿಕೆ ಹಿಟ್ಟು ಹಿಡಿಯಲು ಬರುತ್ತಿರಲಿಲ್ಲ.

ಡಾಕ್ಟರು ವಯಸ್ಸಾದವರು, ನಿಧಾನಿಸಿ ಹೇಳುವವರು. "ನರ ಕತ್ತರಿಸಿಲ್ಲಮ್ಮ, ಗುಂಡಿನ ಹೊಡೆತಕ್ಕೆ ಜಜ್ಜಿದೆ. ಒಳಗಿನ ಎಳೆ ಸತ್ತಿವೆ, ಮೇಲಿನ ಕೊಳವೆ ಇದೆ. ಆ ಕೊಳವೆಯೊಳಗೇ ಹೊಸ ಎಳೆ ಬೆಳೆದುಕೊಂಡು ಬರಬೇಕು. ತಿಂಗಳಿಗೆ ಒಂದು ಇಂಚು ಬಂದರೆ ಪುಣ್ಯ. ನಾವು ಮಾಡುವುದು ಏನೂ ಇಲ್ಲ, ಕಾಯಬೇಕು. ಕೆಲವು ತಿಂಗಳು ನೋಡಿ ಬೆಳೆಯದಿದ್ದರೆ ಆಪರೇಷನ್ ಯೋಚನೆ ಮಾಡೋಣ."

"ಬಂತೋ ಇಲ್ಲೋ ಅಂತ ತಿಳಿಯೋದು ಹೆಂಗ್ರಿ?" ಎಂದು ನನ್ನ ಗಂಡ ಕೇಳಿದರು.

ಡಾಕ್ಟರು ತಮ್ಮ ನಡುಬೆರಳಿನಿಂದ ನನ್ನ ತೋಳಿನ ಮೇಲೆ ಟಕಟಕ ಬಡಿಯುತ್ತಾ ಕೆಳಗಿನಿಂದ ಮೇಲಕ್ಕೆ ಬಂದರು. ಚುಕ್ಕಿಯ ಮೇಲೆ ಏನೂ ಇಲ್ಲ. ತುಳಸಿಕಟ್ಟೆಯ ಮೇಲೆ ಏನೂ ಇಲ್ಲ. ಚೇಳಿನ ಮೇಲೆ ಬಡಿದಾಗ ಸತ್ತ ಬೆರಳುಗಳ ತುದಿಗೆ ಜುಮ್ಮೆಂದು ಕರೆಂಟು ಹೊಡೆಯಿತು. "ಸದ್ಯಕ್ಕೆ ನರ ಇಲ್ಲಿದೆ" ಎಂದರು. "ಇದು ಕೆಳಗೆ ಇಳಿಯುತ್ತಾ ಹೋಗಬೇಕು. ತುದಿಗೆ ಬಂದ ಮೇಲೆ ಮೊದಲು ಉರಿ ಬರುತ್ತೆ, ಜೋಮು ಬರುತ್ತೆ. ಹೆದರಬೇಡಿ, ಉರಿ ಒಳ್ಳೆಯದು. ಅಲ್ಲಿಯವರೆಗೆ ಒಲೆ, ಕತ್ತಿ ಹುಷಾರು."

ಹೀಗೆ ಅಜ್ಜಿಯ ಹಚ್ಚೆ ನನಗೆ ಮೈಲಿಗಲ್ಲಾಯಿತು.

ಮೊದಲ ತಿಂಗಳುಗಳನ್ನು ತವರಿನಲ್ಲಿ ಕಳೆದೆ. ಮಾಗಳದಲ್ಲಿ ನಮ್ಮದು ಮಲ್ಲಿಗೆ ತೋಟ. ನಮ್ಮ ಹಡಗಲಿ ಕಡೆಯ ಹೆಣ್ಣುಮಕ್ಕಳಿಗೆ ಮಾತು ಬರುವ ಮುಂಚೆ ಹೂವು ಕಟ್ಟಲು ಬರುತ್ತದೆ ಎಂದು ತಮಾಷೆ ಮಾಡುತ್ತಾರೆ. ಕಣ್ಣು ಬೇಡ ಅದಕ್ಕೆ, ಹೆಬ್ಬೆರಳು ತೋರುಬೆರಳು ಸಾಕು. ಅತ್ತಿಗೆ, ಓಣಿಯ ಹೆಂಗಸರು ನನ್ನ ಸುತ್ತ ಕೂತು ಕಟ್ಟುತ್ತಿದ್ದರು. ನಾನು ಮೊಗ್ಗು ಆರಿಸಿ ಎಡಗೈಯಿಂದ ಕೊಡುತ್ತಿದ್ದೆ. ಒಂದು ದಿನ ಬಲಗೈಯಲ್ಲಿ ಮೊಗ್ಗು ಹಿಡಿದು ನೋಡಿದೆ. ಹಿಡಿದಿದ್ದೇನೆ ಎಂದುಕೊಂಡಿದ್ದೆ, ಅದು ಆಗಲೇ ನೆಲದ ಮೇಲಿತ್ತು. ಅತ್ತಿಗೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ನನಗೆ ಅಳು ಬರಲಿಲ್ಲ.

ನನಗೆ ಏನೂ ಬರುತ್ತಿರಲಿಲ್ಲ, ಅದೇ ನಿಜ. ನೋಡಲು ಬಂದವರು ಬಾಳೆಹಣ್ಣು, ಬಿಸ್ಕತ್ತು ಇಟ್ಟು, ಸುತ್ತ ನೋಡಿ ದನಿ ತಗ್ಗಿಸಿ ಕೇಳುತ್ತಿದ್ದರು, "ನಿಮ್ಮ ಮಾವನ ಮ್ಯಾಲ ಸಿಟ್ಟು ಬರಲ್ಲೇನವ್ವಾ ನಿನಗ?" ನಾನು ಹುಡುಕಿ ನೋಡುತ್ತಿದ್ದೆ. ಸಿಟ್ಟಿರಲಿಲ್ಲ. ಕನಿಕರವೂ ಇರಲಿಲ್ಲ. ದೊಡ್ಡ ಮನಸ್ಸಿನ ಹೆಂಗಸು ಎಂದು ಅವರು ಹೊಗಳಿ ಹೋಗುತ್ತಿದ್ದರು. ಮರಗಟ್ಟಿದ ಬೆರಳಿಗೆ ಸೂಜಿ ಚುಚ್ಚಿದರೆ ಅದು ಸುಮ್ಮನಿರುತ್ತದೆ, ಅದನ್ನು ತಾಳ್ಮೆ ಎನ್ನುತ್ತಾರೇನು?

ಬೇಸಿಗೆಗೆ ಮುಂಚೆ ಗಂಡನ ಮನೆಗೆ ಬಂದೆ. ಖಾನಾವಳಿಯವರು ಬೇರೆ ಕಡೆ ರೊಟ್ಟಿ ಹಚ್ಚಿಕೊಂಡಿದ್ದರು, ಕೈ ಸರಿಯಾದರೆ ಹೇಳಿ ಕಳಿಸಿ ಎಂದಿದ್ದರು. ಮನೆಯ ಮಟ್ಟಿಗೆ ಎಡಗೈ ಮುಂದು ಮಾಡಿ ರೊಟ್ಟಿ ಬಡಿದು ನೋಡಿದೆ. ಒಂದು ಕಡೆ ದಪ್ಪ, ಒಂದು ಕಡೆ ಹರಕು. "ಆಂಧ್ರದ ನಕ್ಷಿ ಬಂದೈತಿ ನೋಡು" ಎಂದರು ನನ್ನ ಗಂಡ, ನಗಿಸಲು. ಆದರೂ ತಿಂದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹಂಚಿನ ಮೇಲಿನ ರೊಟ್ಟಿಯನ್ನು ಅಭ್ಯಾಸದಂತೆ ಬಲಗೈಯಿಂದ ಒತ್ತಿ ತಿರುವುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಾ ಮೂಗು ಅರಳಿಸಿದಳು. "ಏನೋ ಸೀದ ವಾಸನಿ ಬರಾಕತೈತಲ್ಲ." ರೊಟ್ಟಿ ಎತ್ತಿ ನೋಡಿದೆ, ಸೀದಿರಲಿಲ್ಲ. ಸೀದದ್ದು ನನ್ನ ತೋರುಬೆರಳು. ಬೊಬ್ಬೆ ಎದ್ದು ಬಿಳುಚಿತ್ತು. ಅತ್ತೆ ನೀರು ತಂದು ಕೈ ಅದ್ದಿಸಿದಳು. "ಮದ್ಲು ನಾನೇ ಅಂದಿದ್ದೆ, ಬೆರಳಿಗೆ ಬಿಸಿ ಹತ್ತಂಗಿಲ್ಲ, ಇನ್ನ ನಿನಗ ಇಕ್ಕಳದ ಕಾಟ ಇಲ್ಲ ಅಂತ. ನನ್ನ ಬಾಯಿಗೆ ಮಣ್ಣು ಹಾಕ" ಎಂದು ತನ್ನನ್ನೇ ಬೈದುಕೊಂಡಳು. ಅವತ್ತಿನಿಂದ ಇಕ್ಕಳ ಇಲ್ಲದೆ ಒಲೆಯ ಮುಂದೆ ಕೂರಬಾರದೆಂದು ಕಟ್ಟಪ್ಪಣೆಯಾಯಿತು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಒಂದು ಆಟ ಹೇಳಿಕೊಟ್ಟಿದ್ದಳು. ಒಂದು ಬುಟ್ಟಿಯಲ್ಲಿ ಜೋಳ ತುಂಬಿ, ಒಳಗೆ ಒಂದು ಶೇಂಗಾ, ಒಂದು ಹುಣಸೆಬೀಜ ಬಚ್ಚಿಟ್ಟು, ಕಣ್ಣು ಮುಚ್ಚಿ ಬೆರಳಿನಿಂದ ಹುಡುಕಬೇಕು. ಬೆರಳಿಗೆ ಮತ್ತೆ ಓದು ಕಲಿಸಿದ ಹಾಗೆ. ಬಚ್ಚಿಡಲು ಬೇರೆಯವರು ಬೇಕು. ಗಂಡ ಮನೆಯಲ್ಲಿರುತ್ತಿರಲಿಲ್ಲ, ಅತ್ತೆ ಒಂದು ದಿನ ಮಾಡಿ ಬೇಸತ್ತಳು. ಮರುದಿನ ಅತ್ತೆ ಅಡುಗೆಮನೆಗೆ ಬಂದು, "ಬಾ, ನಿಮ್ಮ ಮಾವ ಬುಟ್ಟಿ ಇಟಗಂಡು ಕುಂತಾರ" ಎಂದಳು.

ಪಡಸಾಲೆಯಲ್ಲಿ ಮಾವ ಗೋಡೆಯ ಕಡೆ ತಿರುಗಿ ಕೂತಿದ್ದರು. ನಡುವೆ ಬುಟ್ಟಿ. ನಾನು ಸೆರಗು ಎಳೆದುಕೊಂಡು ಈ ಕಡೆ ಕೂತೆ. ಕಣ್ಣು ಮುಚ್ಚಿ ಕೈ ಹಾಕಿದೆ. ಸ್ವಲ್ಪ ಹೊತ್ತಿಗೆ ಏನೋ ಸಿಕ್ಕ ಹಾಗಾಗಿ ಹೊರಗೆ ತೆಗೆದರೆ ಶೇಂಗಾ. ಮತ್ತೆ ಕೈ ಹಾಕಿದೆ, ಮತ್ತೆ ಶೇಂಗಾ. ಮೂರನೆಯ ಸಲವೂ ಸಿಕ್ಕಾಗ ಕಣ್ಣು ಬಿಟ್ಟು ಬುಟ್ಟಿ ಕೆದರಿದೆ. ಒಂದು ಹಾಕಬೇಕಾದ ಕಡೆ ಮಾವ ಬೊಗಸೆ ತುಂಬ ಸುರಿದಿದ್ದರು. ಸಿಗದೆ ಹೋದರೆ ನನಗೆ ಬೇಜಾರಾಗುತ್ತದೆಂದು. ನಾನು ಅತ್ತೆಗೆ ಹೇಳಿದೆ, "ಒಂದೇ ಹಾಕಬೇಕಂತ್ರಿ." ಅತ್ತೆ ಮಾವನಿಗೆ ಹೇಳಿದಳು, "ಒಂದಽ ಹಾಕಬೇಕಂತ." ಮಾವ ಗೋಡೆಗೆ ತಲೆಯಾಡಿಸಿದರು. ಮೂವರೂ ಒಂದೇ ಕೋಣೆಯಲ್ಲಿದ್ದೆವು. ಬೇರೆ ದಿನಗಳಾಗಿದ್ದರೆ ನಾನು ಅಡುಗೆಮನೆಗೆ ಹೋಗಿ ನಗುತ್ತಿದ್ದೆ.

ಆ ಆಟ ದಿನಾ ನಡೆಯಿತು. ಆಟದ ಹೊರಗೆ ಮಾತ್ರ ಒಂದು ತೊಂದರೆ ಬಂದಿತ್ತು. ಬಲಗೈಗೆ ಬಳೆ ಹಾಕಿಸಿಕೊಂಡಿರಲಿಲ್ಲ, ಒಡೆದು ಚುಚ್ಚಿದರೆ ಗೊತ್ತಾಗುವುದಿಲ್ಲ ಎಂದು. ಎಡಗೈಯಲ್ಲಿ ಅಲುಗಿಸಬಹುದಿತ್ತು. ಆದರೆ ಕೈಗೆ ಆ ರೂಢಿ ಇಲ್ಲ. ಹೀಗಾಗಿ ನಾನು ಪಡಸಾಲೆಗೆ ಕಾಲಿಟ್ಟರೆ ಮಾವನಿಗೆ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ನೆರಳು ಆಡಿದ ಕೂಡಲೇ ಬೆಚ್ಚಿ ಬೀಳುತ್ತಿದ್ದರು. "ಯಾರು? ಯಾರದು?" ಎನ್ನುತ್ತಿದ್ದರು, ಹಗಲು ಹೊತ್ತಿನಲ್ಲೂ. ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತಿದ್ದರು. ಉತ್ತರ ಕೊಡುತ್ತಿದ್ದವಳು ಅತ್ತೆ. ನಾನು ಸುಮ್ಮನೆ ದಾಟಿ ಹೋಗುತ್ತಿದ್ದೆ.

ನರ ಇಳಿಯುತ್ತಿತ್ತು. ಸೋಮವಾರ ತಲೆಗೆ ನೀರು ಹಾಕಿಕೊಂಡ ಮೇಲೆ ಬಾಗಿಲಲ್ಲಿ ಕೂತು ತೋಳು ಬಡಿದು ನೋಡುತ್ತಿದ್ದೆ. ಮಳೆಗಾಲಕ್ಕೆ ಕರೆಂಟು ತುಳಸಿಕಟ್ಟೆಗೆ ಬಂದಿತ್ತು. ಡಾಕ್ಟರು ಆಪರೇಷನ್ ಬೇಡ ಎಂದರು. ದಸರೆಯ ಹೊತ್ತಿಗೆ ಹೆಬ್ಬೆರಳು ಅಷ್ಟಿಷ್ಟು ತಿರುಗಲು ಶುರುವಾಯಿತು, ಕರೆಂಟು ಐದೂ ಚುಕ್ಕಿ ದಾಟಿ ಅಂಗೈಗೆ ಬಂತು. ಎಲ್ಲರಿಗೂ ಖುಷಿ. ಅತ್ತೆ ಉಜ್ಜಿನಿಯ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ನಾನು ಪ್ರಸಾದ ತಿಂದೆ. ಬೆರಳ ತುದಿ ಮಾತ್ರ ಹಾಗೇ ಇತ್ತು, ಸತ್ತ ಹಾಗೆ. ಅಲ್ಲಿಗೆ ಬಾರದಿದ್ದರೆ ರೊಟ್ಟಿ ಇಲ್ಲ. ಹಿಟ್ಟಿನ ಹದ ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಗೇ ತಿಳಿಯಬೇಕು. ರೊಟ್ಟಿ ಬಡಿಯಲು ಬರದ ನಾನು ಈ ಮನೆಯಲ್ಲಿ ಏನು ಎಂದು ಒಮ್ಮೊಮ್ಮೆ ಕೇಳಿಕೊಳ್ಳುತ್ತಿದ್ದೆ. ಆ ಪ್ರಶ್ನೆಗೂ ಎದೆ ಧಸಕ್ಕೆನ್ನುತ್ತಿರಲಿಲ್ಲ, ಅದೇ ನನಗೆ ಭಯ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ. ಸಜ್ಜೆರೊಟ್ಟಿಯ ಹಿಟ್ಟು ಉಳಿದಿತ್ತು, ಅದನ್ನು ಮುಗಿಸೋಣವೆಂದು ಒಲೆ ಹಚ್ಚಿದ್ದೆ. ಇಕ್ಕಳವನ್ನು ಅತ್ತೆ ಹಿತ್ತಿಲಿಗೆ ಒಯ್ದಿದ್ದಳು, ನೀರೊಲೆಯ ಕೆಂಡ ತೆಗೆಯಲು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಯೋಚಿಸದೆ ಬಲಗೈ ಹಾಕಿ ಅಂಚು ಹಿಡಿದೆ.

ಬೆಂಕಿ ಬೆರಳಿನಿಂದ ಒಳಗೆ ನುಗ್ಗಿತು. ಹೆಬ್ಬೆರಳು, ತೋರುಬೆರಳು, ಎರಡರ ತುದಿಯೂ. ಅಲ್ಲಿಂದ ಮಣಿಕಟ್ಟು, ತುಳಸಿಕಟ್ಟೆ, ಚೇಳು, ಎಲ್ಲ ದಾಟಿ ನೆತ್ತಿಗೆ ಹೋಯಿತು. "ಸುಟ್ಟಿತೋ ಯವ್ವಾ!" ಎಂದು ಕೂಗಿದೆ. ನನ್ನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ನನಗೂ ಗೊತ್ತಿರಲಿಲ್ಲ.

ಪಡಸಾಲೆಯಲ್ಲಿ ಬುಟ್ಟಿ ಉರುಳಿದ ಸದ್ದು. "ಯಾರದು? ಯಾರು ಕೂಗಿದ್ದು? ಯಾರ ಮನ್ಯಾಗ?" ಎಂದು ಮಾವ.

"ನಿಮ್ಮ ಸೊಸಿ ಅದಾಳ, ಇನ್ಯಾರು" ಎನ್ನುತ್ತಾ ಅತ್ತೆ ಹಿತ್ತಿಲಿಂದ ಓಡಿ ಬಂದಳು.

ಮಾವ ಎಂದೂ ಅಡುಗೆಮನೆಯ ಹೊಸ್ತಿಲಿಗೆ ಬಂದವರಲ್ಲ. ಬಂದು ನಿಂತರು. ಗೋಡೆಯ ಕಡೆ ತಿರುಗಲಿಲ್ಲ. "ನೀನೇನವ್ವಾ ಕೂಗಿದ್ದು?" ಎಂದರು. ಅದು ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು. "ನಿನ್ನ ದನಿ ಹಿಂಗೈತಂತ ನನಗ ಗೊತ್ತಽ ಇದ್ದಿಲ್ಲ."

ನನ್ನ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ. ಬೆರಳು ಉರಿಯುತ್ತಿತ್ತು. ಅದರ ಜೊತೆಗೇ ಹೊಟ್ಟೆಯಿಂದ ಇನ್ನೊಂದು ಉರಿ ಏರಿ ಬಂತು. ಅದು ಸಿಟ್ಟು. ಎಲ್ಲರೂ ಇಷ್ಟು ತಿಂಗಳು ನನ್ನಲ್ಲಿ ಹುಡುಕಿದ ಸಿಟ್ಟು.

"ಎರಡು ಸಲ ಕೇಳಿದ್ರಿ" ಎಂದೆ, ಅದೇ ದನಿಯಲ್ಲಿ. "ಈಗ ದಿನಾ ಹತ್ತು ಸಲ ಕೇಳ್ತೀರಿ ಯಾರು ಯಾರು ಅಂತ. ಅವತ್ತು ಮೂರನೇ ಸಲ ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ ಮಾವಾ?"

"ಏನವ್ವಾ ಇದು, ಮಾವಗ ಹಿಂಗ ಮಾತಾಡ್ತಾರೇನು?" ಎಂದಳು ಅತ್ತೆ.

"ಸುಮ್ನಿರು ನೀನು. ಆಡ್ಲಿ" ಎಂದರು ಮಾವ. ಬಾಗಿಲ ಚೌಕಟ್ಟು ಹಿಡಿದು ನಿಧಾನ ಹೊಸ್ತಿಲ ಆಚೆ ಕೂತರು. ಆಮೇಲೆ ನನ್ನ ಮುಖ ನೋಡಿ, "ಏನೂ ಹೋಗ್ತಿದ್ದಿಲ್ಲವ್ವಾ" ಎಂದರು.

ನಾನು ಅತ್ತುಬಿಟ್ಟೆ. ಗುಂಡು ಬಿದ್ದ ದಿನ ಅಳಬೇಕಾಗಿದ್ದದ್ದು, ಮೊಗ್ಗು ಜಾರಿದ ದಿನ ಅಳಬೇಕಾಗಿದ್ದದ್ದು, ಎಲ್ಲ ಅಳುವೂ ಒಟ್ಟಿಗೆ ಬಂತು. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಿತ್ತು, ಯಾರೂ ತೆಗೆಯಲಿಲ್ಲ. ಅತ್ತೆ ಚೊಂಬಿನಲ್ಲಿ ತಣ್ಣೀರು ತಂದು ಮುಂದಿಟ್ಟು, "ಅದ್ದು ಅದರಾಗ, ಬೊಬ್ಬಿ ಏಳತೈತಿ" ಎಂದಳು.

ಅದ್ದಲಿಲ್ಲ. ಬೆರಳನ್ನು ಎದೆಗೆ ಒತ್ತಿ ಹಿಡಿದುಕೊಂಡು, ಉರಿ ಹೋಗಿಬಿಡುತ್ತದೇನೋ ಎಂದು ಹೆದರಿ, ಹಾಗೇ ಕೂತಿದ್ದೆ.